ಮೊದಲ ಡಿಜಿಟಲ್ ಪಿಯಾನೋ: ಬಟನ್ ಎಣಿಸಬೇಡಿ, ಕೀ ಒತ್ತಿ ನೋಡಿ

ಮಗಳನ್ನು ಪಿಯಾನೋ ಕ್ಲಾಸಿಗೆ ಸೇರಿಸಿದಾಗ ಮನೆಯಲ್ಲಿ ಆಗಲೇ ಒಂದು ಕೀಬೋರ್ಡ್ ಇತ್ತು. 61 ಕೀ, ನೂರಾರು ಟೋನ್ (ಅಂದರೆ ಬೇರೆ ಬೇರೆ ವಾದ್ಯಗಳ ದನಿ), ಬೇಕಾದಷ್ಟು ರಿದಂ. ಇದೇ ಸಾಕು ಅಂದುಕೊಂಡಿದ್ದೆವು. ಮೂರು ತಿಂಗಳಾದ ಮೇಲೆ ಟೀಚರ್ ನನ್ನನ್ನು ಒಳಗೆ ಕರೆದು ಕೂರಿಸಿದರು. ಮನೆಯಲ್ಲಿ ಸಲೀಸಾಗಿ ನುಡಿಸುತ್ತಿದ್ದ ಪಾಠವನ್ನೇ ಮಗಳು ಕ್ಲಾಸಿನ ಪಿಯಾನೋ ಮೇಲೆ ತಡವರಿಸುತ್ತಿದ್ದಳು. ಕಿರುಬೆರಳು, ಉಂಗುರದ ಬೆರಳು ಒತ್ತಿದ ಕಡೆ ಸ್ವರ ಕೇಳಿಸುತ್ತಲೇ ಇರಲಿಲ್ಲ. "ಮನೆಯಲ್ಲಿರೋ ಕೀ ತುಂಬಾ ಹಗುರ ಸರ್, ಬೆರಳಿಗೆ ಭಾರದ ಅಭ್ಯಾಸವೇ ಆಗಿಲ್ಲ" ಎಂದರು.

ಅಲ್ಲಿಂದ ಎರಡು ತಿಂಗಳು ಅಂಗಡಿ, ಓಎಲ್ಎಕ್ಸ್, ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ಅಂತ ಸುತ್ತಿದೆ. ಆಮೇಲೆ ನಾಲ್ಕೈದು ಮನೆಯವರ ಜೊತೆ ಹೋಗಿ ಪಿಯಾನೋ ಆರಿಸಿಕೊಟ್ಟಿದ್ದೇನೆ. ಎಲ್ಲರಿಗೂ ಹೇಳಿದ್ದು ಒಂದೇ ಮಾತು. ಇರುವ ದುಡ್ಡನ್ನೆಲ್ಲ ಕೀ ಮೇಲೆ ಹಾಕಿ.

ಮೊದಲು ಟೀಚರನ್ನು ಕೇಳಿ

ನಮ್ಮಲ್ಲಿ ಎಲ್ಲದಕ್ಕೂ ಕೀಬೋರ್ಡ್ ಅಂದುಬಿಡುತ್ತೇವೆ. ಆದರೆ ಕೀಬೋರ್ಡ್ ಬೇರೆ, ಪಿಯಾನೋ ಬೇರೆ. ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆಗಳಲ್ಲೂ ಪಿಯಾನೋ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಇನ್ನೊಂದು ವಿಷಯ. ಆರ್ಕೆಸ್ಟ್ರಾದಲ್ಲಿ ನುಡಿಸಬೇಕು, ಭಾವಗೀತೆಗೆ ಸಾಥ್ ಕೊಡಬೇಕು, ಜೊತೆಗೆ ರಿದಂ ಬೇಕು ಅನ್ನುವವರಿಗೆ 61 ಕೀಯ ಕೀಬೋರ್ಡೇ ಸರಿ. ಯಮಾಹಾದ ಪಿಎಸ್ಆರ್-ಐ ಸರಣಿಯಲ್ಲಿ ತಬಲಾ, ತಂಬೂರಿ ನಾದವೂ ಸಿಗುತ್ತದೆ. ಅಂಥವರು ಪಿಯಾನೋಗೆ ಸುಮ್ನೆ ದುಡ್ಡು ಸುರಿಯುವುದು ಬೇಡ. ಕಲಿಯುವುದು ಪಿಯಾನೋನೇ ಅಂತ ಟೀಚರ್ ಹೇಳಿದರೆ ಮಾತ್ರ ಮುಂದೆ ಓದಿ.

ಕೀ ಅಂದರೆ ಏನು ನೋಡಬೇಕು?

ಹಾರ್ಮೋನಿಯಂ ನೆನಪಿಸಿಕೊಳ್ಳಿ. ಕೀ ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಒಂದೇ. ಏರಿಳಿತ ಬರುವುದು ಗಾಳಿ ಹಾಕುವ ಎಡಗೈಯಿಂದ. ಪಿಯಾನೋದಲ್ಲಿ ಆ ಕೆಲಸ ಪೂರ್ತಿ ಬೆರಳಿನದು. ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ಎದ್ದು ತಂತಿಗೆ ಬಡಿಯುತ್ತದೆ. ಎಷ್ಟು ವೇಗವಾಗಿ ಒತ್ತಿದಿರೋ ಅಷ್ಟು ಜೋರು. ಆ ಸುತ್ತಿಗೆಯ ಭಾರ ಬೆರಳಿಗೆ ತಿಳಿಯುತ್ತದೆ.

ಡಿಜಿಟಲ್ ಪಿಯಾನೋದಲ್ಲಿ ತಂತಿ ಇಲ್ಲ, ಆದರೆ ಭಾರ ಇರಬೇಕು. ಪೆಟ್ಟಿಗೆ ಮೇಲೆ 88 ಕೀ, ಹ್ಯಾಮರ್ ಆ್ಯಕ್ಷನ್ ಎಂಬ ಎರಡು ಮಾತು ಹುಡುಕಿ. ಸೆಮಿ ವೇಯ್ಟೆಡ್ ಅಂತ ಬರೆದಿದ್ದರೆ ಒಳಗೆ ಸುತ್ತಿಗೆ ಇರುವುದಿಲ್ಲ, ಸ್ಪ್ರಿಂಗ್ ಕೊಂಚ ಬಿಗಿ ಅಷ್ಟೇ. ಬರೀ ಟಚ್ ಸೆನ್ಸಿಟಿವ್ ಅಂದರೆ ಜೋರು, ಮೆಲ್ಲ ಬರುತ್ತದೆ, ಭಾರ ಬರುವುದಿಲ್ಲ. ಅಂಗಡಿಯಲ್ಲಿ ಸ್ವಿಚ್ ಹಾಕುವ ಮೊದಲೇ ಎಡತುದಿಯ ಕೀ ಒತ್ತಿ, ಆಮೇಲೆ ಬಲತುದಿಯದು. ಒಳ್ಳೆಯ ಪಿಯಾನೋದಲ್ಲಿ ಎಡಗಡೆ ಸ್ವಲ್ಪ ಜಾಸ್ತಿ ಭಾರ, ಬಲಕ್ಕೆ ಹೋದಂತೆ ಹಗುರ. ನಿಜವಾದ ಪಿಯಾನೋದಲ್ಲೂ ಮಂದ್ರದ ಸುತ್ತಿಗೆಗಳು ದೊಡ್ಡವು, ಅದಕ್ಕೇ ಹಾಗೆ.

ಟೋನ್ ಹತ್ತಿದ್ದರೆ ಸಾಕು. ಮಕ್ಕಳು ಹೆಚ್ಚಿನ ಹೊತ್ತು ಬಳಸುವುದು ಮೊದಲನೆಯದನ್ನೇ, ಅಂದರೆ ಪಿಯಾನೋ ದನಿಯನ್ನೇ. ಪಾಲಿಫೊನಿ ಅಂತ ಒಂದು ಸಂಖ್ಯೆ ಕಾಣುತ್ತದೆ, ಅಂದರೆ ಒಟ್ಟಿಗೆ ಎಷ್ಟು ಸ್ವರ ಮೊಳಗಬಹುದು ಅಂತ. ಕಲಿಯುವವರಿಗೆ 64 ಧಾರಾಳ.

ಹೊಸದಾದರೆ

ಕಡಿಮೆ ಬೆಲೆಯ ಸಾಲಿನಲ್ಲಿ ನಾನು ತೋರಿಸುವುದು ಮೂರನ್ನು: ಯಮಾಹಾ ಪಿ-145, ಕ್ಯಾಸಿಯೋ ಸಿಡಿಪಿ-ಎಸ್110, ರೋಲ್ಯಾಂಡ್ ಎಫ್‌ಪಿ-10. ಸುಮಾರು 40 ಸಾವಿರದಿಂದ 60 ಸಾವಿರದೊಳಗೆ ಇವು ಸಿಗುತ್ತವೆ, ಬೆಲೆ ಆಗಾಗ ಹತ್ತಿ ಇಳಿಯುತ್ತದೆ. ನನ್ನ ಬೆರಳಿಗೆ ನಿಜವಾದ ಪಿಯಾನೋಗೆ ಹತ್ತಿರ ಅನ್ನಿಸಿದ್ದು ರೋಲ್ಯಾಂಡ್. ಅದರ ಒಂದೊಂದು ಕೀ ಕೆಳಗೂ ಮೂರು ಸೆನ್ಸರ್ ಇವೆ. ಕೀ ಪೂರ್ತಿ ಮೇಲೆ ಬರುವ ಮುಂಚೆಯೇ ಮತ್ತೆ ಒತ್ತಿದರೂ ಅದಕ್ಕೆ ಗೊತ್ತಾಗುತ್ತದೆ. ಕ್ಯಾಸಿಯೋ ಹತ್ತೂವರೆ ಕೆಜಿ ಮಾತ್ರ, ಚಿಕ್ಕ ರೂಮಿಗೆ ಸರಿಯಾಗುತ್ತದೆ. ಆರು ಎಎ ಸೆಲ್ ಹಾಕಿದರೂ ನಡೆಯುತ್ತದೆ. ದಿನಾ ಸಂಜೆ ಕರೆಂಟ್ ಹೋಗುವ ಊರಿನವರಿಗೆ ಇದು ದೊಡ್ಡ ಅನುಕೂಲ. ಮೂರರಲ್ಲಿ ಯಾವುದು ತಗೊಂಡರೂ ಮೊದಲ ನಾಲ್ಕೈದು ವರ್ಷಕ್ಕೆ ತೊಂದರೆ ಇಲ್ಲ. ನಿಮ್ಮ ಊರಿಗೆ ಹತ್ತಿರ ಯಾರ ಸರ್ವಿಸ್ ಸೆಂಟರ್ ಇದೆ ಅಂತ ಮಾತ್ರ ಕೇಳಿಕೊಳ್ಳಿ.

ಸೆಕೆಂಡ್‌ಹ್ಯಾಂಡ್ ಆದರೆ

ನನ್ನ ಒಲವು ಈ ಕಡೆಗೇ. ಉತ್ಸಾಹದಿಂದ ಕೊಂಡು, ಮಗು ಆರು ತಿಂಗಳಿಗೆ ಬಿಟ್ಟು, ಮೂಲೆಯಲ್ಲಿ ನಿಂತ ಪಿಯಾನೋಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಮನೆ ಖಾಲಿ ಮಾಡಿ ಹೊರದೇಶಕ್ಕೆ ಹೋಗುವವರೂ ಮಾರುತ್ತಾರೆ. ಪಿ-145 ಬರುವ ಮೊದಲು ಇದ್ದ ಯಮಾಹಾ ಪಿ-45 ಜಾಸ್ತಿ ಕಣ್ಣಿಗೆ ಬೀಳುತ್ತದೆ. ಪಿ-125 ಸಿಕ್ಕರೆ ಇನ್ನೂ ಒಳ್ಳೆಯದು. ಎಂಟು ವರ್ಷ ದಾಟಿದ್ದನ್ನು ನಾನು ಮುಟ್ಟುವುದಿಲ್ಲ. ಹೊಸದರ ಬೆಲೆಯ 60 ಪರ್ಸೆಂಟ್‌ಗಿಂತ ಮೇಲೆ ಕೊಡುವುದೂ ಇಲ್ಲ.

ನೋಡಲು ಹೋಗುವಾಗ ನಿಮ್ಮದೇ ಹೆಡ್‌ಫೋನ್ ಒಯ್ಯಿರಿ. ಪಿ-45ಕ್ಕೆ ಬೇಕಾದದ್ದು 6.3 ಮಿಲಿಮೀಟರ್‌ನ ದಪ್ಪ ಪಿನ್. ಮೊಬೈಲ್ ಹೆಡ್‌ಫೋನ್‌ಗೆ ಹಾಕುವ ಕನ್ವರ್ಟರ್ ಪಿನ್ ಜೊತೆಯಲ್ಲಿರಲಿ. ಮಾರುವವರಿಗೆ ಟಚ್ ಸೆಟ್ಟಿಂಗನ್ನು ಮೀಡಿಯಂಗೆ ಇಡಲು ಹೇಳಿ. ಅದು ಫಿಕ್ಸೆಡ್‌ನಲ್ಲಿದ್ದರೆ ಎಲ್ಲಾ ಕೀಯೂ ಒಂದೇ ಸಮ ಸದ್ದು ಮಾಡುತ್ತವೆ, ಕೆಟ್ಟದ್ದು ಗೊತ್ತಾಗುವುದೇ ಇಲ್ಲ.

ಈಗ ಎಡತುದಿಯಿಂದ ಶುರು ಮಾಡಿ. ಒಂದೊಂದೇ ಕೀ, ಎಲ್ಲವನ್ನೂ ಒಂದೇ ಹದದಲ್ಲಿ ಮೆಲ್ಲಗೆ ಒತ್ತುತ್ತಾ ಬಲತುದಿಗೆ ಬನ್ನಿ. 52 ಬಿಳಿ, 36 ಕಪ್ಪು, ಒಂದನ್ನೂ ಬಿಡಬೇಡಿ. ಐದು ನಿಮಿಷದ ಕೆಲಸ. ಜೋರಾಗಿ ಹಾಡು ನುಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ.

ಬನಶಂಕರಿಯ ಒಂದು ಮನೆಯಲ್ಲಿ ಹೀಗೇ ಒತ್ತುತ್ತಾ ಹೋದೆ. ಪಿಯಾನೋ ಫಳಫಳ ಅನ್ನುತ್ತಿತ್ತು, ಒಂದು ಗೀರಿಲ್ಲ. ಬಲಗಡೆಯ ಕೊನೆಯ ಎರಡು ಸಪ್ತಕಕ್ಕೆ ಬಂದಾಗ ಒಂದು ಕಪ್ಪು ಕೀ, ಮುಟ್ಟಿದಷ್ಟೇ ಮೆಲ್ಲಗೆ ಒತ್ತಿದರೂ, ಪಟ್ಟನೆ ಕಿರುಚಿತು. ಪಕ್ಕದ ಬಿಳಿ ಕೀ ಎರಡು ಸಲ ಒತ್ತಿದ ಮೇಲೆ ಮಾತಾಡಿತು. ಮನೆಯ ಯಜಮಾನರಿಗೂ ಆಶ್ಚರ್ಯ. ಅವರು ಸುಳ್ಳು ಹೇಳುವವರಲ್ಲ, ಮೆಲ್ಲಗೆ ನುಡಿಸಿ ನೋಡಿರಲೇ ಇಲ್ಲ. ಪಿಯಾನೋ ಇದ್ದದ್ದು ಕಿಟಕಿಯ ಕೆಳಗೆ. ಬಲಭಾಗಕ್ಕೆ ಸರಿಯಾಗಿ ಧೂಳು, ಮಳೆಗಾಲದ ಎರಚಲು.

ಅಲ್ಲಿ ಆಗಿದ್ದು ಇಷ್ಟು. ಈ ಪಿಯಾನೋಗಳಲ್ಲಿ ಕೀ ಕೆಳಗೆ ರಬ್ಬರ್ ಗುಬುಟುಗಳ ಪಟ್ಟಿ ಇರುತ್ತದೆ. ಒಂದೊಂದು ಕೀಗೂ ಕನಿಷ್ಠ ಎರಡು ಸಂಪರ್ಕ ಬಿಂದು. ಮೊದಲನೆಯದು ತಾಗಿ ಎರಡನೆಯದು ತಾಗಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದರ ಮೇಲೆ ಎಷ್ಟು ಜೋರಾಗಿ ಒತ್ತಿದಿರಿ ಅಂತ ಲೆಕ್ಕ ಹಾಕುತ್ತದೆ. ಧೂಳು ಕೂತರೆ ಆ ಲೆಕ್ಕ ತಪ್ಪುತ್ತದೆ. ಕ್ಲೀನ್ ಮಾಡಬಹುದು, ಕೆಟ್ಟಿದ್ದರೆ ಪಟ್ಟಿಯನ್ನೇ ಬದಲಿಸಬಹುದು. ಆದರೆ ಅದಕ್ಕೆ ಪಿಯಾನೋ ಪೂರ್ತಿ ಬಿಚ್ಚಬೇಕು. ಒಂದೆರಡು ಕೀ ಹೀಗಿದ್ದು, ರಿಪೇರಿ ಖರ್ಚನ್ನು ಬೆಲೆಯಲ್ಲಿ ಬಿಡುತ್ತಾರಾದರೆ ಯೋಚಿಸಿ. ಐದಾರು ಇದ್ದರೆ ಕೈಮುಗಿದು ಬಂದುಬಿಡಿ.

ಆಮೇಲೆ ಸೌಂಡ್ ಪೂರ್ತಿ ಇಳಿಸಿ ಮತ್ತೊಮ್ಮೆ ನುಡಿಸಿ. ಕೀ ತಳ ಮುಟ್ಟುವಾಗ ಮೆತ್ತಗೆ ದಬ್ ಅನ್ನುವುದು ಸಹಜ. ಟಕ್ ಟಕ್ ಅಂತ ಪ್ಲಾಸ್ಟಿಕ್ ಬಡಿದ ಸದ್ದು ಬಂದರೆ ಒಳಗಿನ ಫೆಲ್ಟ್ (ಮೆತ್ತನೆಯ ದಪ್ಪ ಬಟ್ಟೆ) ಸವೆದಿದೆ. ಹೆಡ್‌ಫೋನ್ ಪಿನ್ ತಿರುಗಿಸಿ, ಗರಗರ ಬರಬಾರದು. ಪೆಡಲ್ ಹಾಕಿ ತುಳಿದು ನೋಡಿ, ಕೀ ಬಿಟ್ಟ ಮೇಲೂ ಸ್ವರ ಮೊಳಗುತ್ತಿರಬೇಕು. ಅಡಾಪ್ಟರ್ ಕಂಪನಿಯದೇನಾ ಅಂತ ಕೇಳಿ, ಬೇರೆಯದಾದರೆ ಅದರ ಮೇಲಿನ ವೋಲ್ಟೇಜು ಪಿಯಾನೋ ಹಿಂದೆ ಬರೆದದ್ದಕ್ಕೆ ಹೊಂದಬೇಕು. ಇಬ್ಬರು ಹಿಡಿದು ಪಿಯಾನೋ ಎತ್ತಿ ತಳ ನೋಡಿ. ಇರುವೆ, ಜಿರಳೆ ಹಿಕ್ಕೆ, ತುಕ್ಕು ಹಿಡಿದ ಸ್ಕ್ರೂ ಕಂಡರೆ ಬೇಡ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಈ ತುಕ್ಕನ್ನು ಇನ್ನೂ ಗಮನವಿಟ್ಟು ನೋಡಬೇಕು, ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ.

ಇದೆಲ್ಲ ಮಾಡುವಾಗ ಮಾರುವವರು ಗಡಿಬಿಡಿ ಮಾಡಿದರೆ ನಿಧಾನವಾಗಿ, ಮರ್ಯಾದೆಯಿಂದಲೇ "ಇನ್ನೊಂದೈದು ನಿಮಿಷ ಕೊಡಿ ಸರ್" ಅನ್ನಿ. ದುಡ್ಡು ನಿಮ್ಮದು.

ಜೊತೆಗೆ ಬೇಕಾದದ್ದು

ಇನ್ನೊಂದು ಐದಾರು ಸಾವಿರ ಸ್ಟ್ಯಾಂಡು, ಸ್ಟೂಲು, ಪೆಡಲ್‌ಗೆ ಎತ್ತಿಡಿ. ತುಂಬಾ ಜನ ಪಿಯಾನೋವನ್ನು ಊಟದ ಟೇಬಲ್ ಮೇಲೆ ಇಡುತ್ತಾರೆ. ಬಿಳಿ ಕೀಯ ಮೇಲ್ಮೈ ನೆಲದಿಂದ ಸುಮಾರು 72 ಸೆಂಟಿಮೀಟರ್ ಎತ್ತರ ಇರಬೇಕು. ಊಟದ ಟೇಬಲ್ಲೇ ಹೆಚ್ಚುಕಡಿಮೆ 75 ಸೆಂಟಿಮೀಟರ್, ಅದರ ಮೇಲೆ ಪಿಯಾನೋ ಇಟ್ಟರೆ ಮಗುವಿನ ಭುಜ ಕಿವಿ ಹತ್ತಿರ ಬರುತ್ತದೆ. ಎತ್ತರ ಬದಲಿಸಬಹುದಾದ ಸ್ಟ್ಯಾಂಡ್ ತಗೊಳ್ಳಿ.

ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಪೆಡಲ್ ಟೈಲ್ಸ್ ಮೇಲೆ ಜಾರಿ ಓಡಿಹೋಗುತ್ತದೆ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ಸ್ವಿಚ್ ಹಾಕುವಾಗ ಪೆಡಲ್ ಮೇಲೆ ಕಾಲಿಡಬೇಡಿ, ಕೆಲವು ಪಿಯಾನೋಗಳಲ್ಲಿ ಅದರ ಕೆಲಸವೇ ಉಲ್ಟಾ ಆಗುತ್ತದೆ. ಹಾಗಾದರೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಆಯಿತು.

ಮನೆಗೆ ತರುವ ದಿನ ಕಾರಿನ ಹಿಂದಿನ ಸೀಟು ಮಡಚಿಕೊಂಡು ಹೋಗಿ. ಪಿ-45ರ ಉದ್ದ ಸುಮಾರು 133 ಸೆಂಟಿಮೀಟರ್, ಆಟೋದಲ್ಲಿ ಅಡ್ಡಕ್ಕೆ ಸಲೀಸಾಗಿ ಹಿಡಿಸುವುದಿಲ್ಲ. ಕಿಟಕಿಯಿಂದ ದೂರದ, ಒಳಗಿನ ಗೋಡೆಗೆ ಇಡಿ. ನಮ್ಮ ಮನೆಯಲ್ಲಿ ಅಮ್ಮನ ಹಳೆಯ ಕಾಟನ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ ಹೊದಿಸುತ್ತೇವೆ. ನುಡಿಸಿ ಎದ್ದ ಕೂಡಲೇ ಹೊದಿಸುವುದು ಮಗಳ ಕೆಲಸ.