ಚಕ್ಕುಬಂದಿ ನೋಡುವ ಕಣ್ಣು

ನನ್ನ ಕೈಗೆ ಕ್ಯಾಮೆರಾ ಬಂದದ್ದು 2016ರಲ್ಲಿ. ಆಗ ನನಗೆ ಐವತ್ತೈದು. ಅದಕ್ಕೂ ಮುಂಚಿನ ಇಪ್ಪತ್ತೊಂಬತ್ತು ವರ್ಷ ಈ ಕೈ ಹಿಡಿದದ್ದು ಅಳತೆಯ ಸರಪಳಿ. 1987ರಲ್ಲಿ ಭೂಮಾಪನ ಇಲಾಖೆ ಸೇರಿದೆ. ಜೇವರ್ಗಿ, ಚಿತ್ತಾಪುರ, ಆಳಂದ, ಶಹಾಪುರ ಅಂತ ತಾಲ್ಲೂಕಿನಿಂದ ತಾಲ್ಲೂಕಿಗೆ ವರ್ಗ ಆಗುತ್ತಲೇ ತಲೆ ಹಣ್ಣಾಯಿತು. ಹದ್ದುಬಸ್ತು ಅಂದರೆ ಹೊಲದ ಗಡಿ ಗುರುತಿಸುವುದು, ಪೋಡಿ ಅಂದರೆ ಒಂದು ಸರ್ವೆ ನಂಬರನ್ನು ಬೇರೆ ಬೇರೆ ತುಂಡು ಮಾಡುವುದು, ಅಣ್ಣತಮ್ಮಂದಿರ ಪಾಲು, ಇವೇ ನನ್ನ ದಿನಗಳು. ಹಳ್ಳಿಗಳಲ್ಲಿ 'ಮೋಜಣಿ ಸಾಹೇಬ್ರು' ಅನ್ನುತ್ತಿದ್ದರು.

ಈಗ ನನ್ನ ಚಿತ್ರಗಳನ್ನು ನೋಡಿದವರು ಒಂದೇ ಮಾತು ಕೇಳುತ್ತಾರೆ: ಇಷ್ಟು ತಡ ಶುರು ಮಾಡಿ ಇದನ್ನೆಲ್ಲ ಎಲ್ಲಿ ಕಲಿತಿರಿ? ಕ್ಯಾಮೆರಾದ ಗುಂಡಿಗಳನ್ನು ಮೂರು ತಿಂಗಳಲ್ಲಿ ಕಲಿತೆ. ಉಳಿದದ್ದನ್ನು ಕಲಿಸಿದ್ದು ಎರೆ ಹೊಲಗಳು. ಕಲಿಯುತ್ತಿದ್ದೇನೆ ಅನ್ನುವುದು ಆಗ ನನಗೂ ಗೊತ್ತಿರಲಿಲ್ಲ.

ಮೊದಲು ಕೆಲಸ ಹೇಗಿತ್ತು ಅಂತ ಹೇಳಬೇಕು. ನಮ್ಮ ಸರಪಳಿ 33 ಅಡಿ. ಅದಕ್ಕೆ 16 ಆಣೆ. ಒಂದು ಆಣೆ ಅಂದರೆ ಎರಡು ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಅಂಥ 40 ಗುಂಟೆ ಕೂಡಿದರೆ ಎಕರೆ. ಹೊಲದ ಒಂದು ಮೂಲೆಗಲ್ಲಿನಿಂದ ಎದುರು ಮೂಲೆಗಲ್ಲಿಗೆ ನೇರ ಗೆರೆ ಹಿಡಿದು ಸರಪಳಿ ಎಳೆಯುತ್ತಾ ಹೋಗುವುದು. ಬದು ಎಲ್ಲೆಲ್ಲಿ ಬಾಗುತ್ತದೋ ಅಲ್ಲಲ್ಲಿಗೆ ಆ ಗೆರೆಯಿಂದ ಅಡ್ಡ ಅಳತೆ ತೆಗೆಯುವುದು. ಅಡ್ಡ ಅಳತೆ ಸರಿಯಾಗಿ ಕಾಟಕೋನದಲ್ಲಿ, ಅಂದರೆ 90 ಡಿಗ್ರಿಯಲ್ಲಿ ಇರಬೇಕು. ಅದಕ್ಕೆ ಕ್ರಾಸ್ ಸ್ಟಾಫ್ ಅಂತ ಒಂದು ಕೋಲು. ಅದರ ತಲೆಯಲ್ಲಿ ಒಂದನ್ನೊಂದು ಕತ್ತರಿಸುವ ಎರಡು ಸೀಳು.

ಆ ಸೀಳಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ನನ್ನ ಮೊದಲ ವ್ಯೂಫೈಂಡರ್, ಅಂದರೆ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ಅದೇ. ಕೋಲು ಊರಿ ಒಂದು ಸೀಳಿನಲ್ಲಿ ಕಣ್ಣಿಟ್ಟರೆ ದೂರದ ಮೂಲೆಗಲ್ಲಿನ ಬಾವುಟ ಕಾಣಬೇಕು. ಪಕ್ಕದ ಸೀಳಿನಲ್ಲಿ ಕಣ್ಣಿಟ್ಟರೆ ಬದುವಿನ ಬಾಗಿನಲ್ಲಿ ಆಳು ಹಿಡಿದು ನಿಂತ ಬಾವುಟ ಕಾಣಬೇಕು. ಕಾಣದಿದ್ದರೆ ಕೋಲನ್ನು ತಿರುಗಿಸುವಂತಿಲ್ಲ. ತಿರುಗಿಸಿದರೆ ಮೊದಲ ಗೆರೆ ಕೆಡುತ್ತದೆ. ಕೋಲು ಕಿತ್ತು ಗೆರೆಯ ಮೇಲೇ ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಊರಿ ನೋಡಬೇಕು, ಇಲ್ಲ ಒಂದು ಗೇಣು ಹಿಂದೆ. ಎರಡೂ ಬಾವುಟ ಎರಡೂ ಸೀಳಿನಲ್ಲಿ ಕೂತ ಕ್ಷಣ ಕಾಲ ಕೆಳಗಿನ ನೆಲವೇ 'ಇಲ್ಲೇ' ಅಂದ ಹಾಗೆ ಆಗುತ್ತಿತ್ತು. ದಿನಕ್ಕೆ ಮೂವತ್ತು ಸಲ, ನಲವತ್ತು ಸಲ ಹೀಗೆ ಮಾಡಿದ್ದೇನೆ. ಇವತ್ತಿಗೂ ಝೂಮ್ ತಿರುಗಿಸುವ ಮುಂಚೆ ನನ್ನ ಕಾಲು ತಾನಾಗಿ ಹೆಜ್ಜೆ ಹಾಕುತ್ತದೆ.

ಇನ್ನೊಂದು ಅಭ್ಯಾಸ ಚಕ್ಕುಬಂದಿ. ಯಾವ ಜಮೀನಿನ ಕಾಗದ ತೆಗೆದರೂ ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸರ್ಕಾರಿ ಖರಾಬು (ಸಾಗುವಳಿಗೆ ಬಾರದ ನೆಲ) ಅಂತ ಬರೆದಿರುತ್ತದೆ. ಹೊಲಕ್ಕೆ ಕಾಲಿಟ್ಟ ಕೂಡಲೇ ನಡುವಿನ ಬೆಳೆ ನೋಡುವುದು ನಮಗಿಲ್ಲ. ನಾಲ್ಕು ಕಡೆ ಏನಿದೆ ಅಂತ ಮೊದಲು ನೋಡಬೇಕು. ಚಿತ್ರ ತೆಗೆಯುವಾಗಲೂ ನಾನು ಮಾಡುವುದು ಅದೇ. ಮುಖ, ಗುಮ್ಮಟ, ಹಕ್ಕಿ, ಏನೇ ಇರಲಿ, ಮೊದಲು ಚೌಕಟ್ಟಿನ ನಾಲ್ಕು ಅಂಚು ಸುತ್ತಿ ಬರುತ್ತೇನೆ. ಎಡ ಅಂಚಿನಲ್ಲಿ ಅರ್ಧ ಕತ್ತರಿಸಿದ ಕರೆಂಟ್ ಕಂಬ ಇದೆಯೋ, ಮೇಲೆ ವೈರು ಹಾದಿದೆಯೋ, ಕೆಳಗೆ ನನ್ನದೇ ನೆರಳು ಬಿದ್ದಿದೆಯೋ. ಹೊಸದಾಗಿ ಕಲಿಯುವ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠವೂ ಚಕ್ಕುಬಂದಿಯೇ.

ಬೆಳಕನ್ನು ಕಲಿಸಿದ್ದು ಬೇಸಿಗೆ. ತೊಗರಿ, ಜೋಳ ಕೊಯ್ದು ಹೊಲ ಬರಿದಾದ ಮೇಲೇ ನಮಗೆ ಪೂರ್ತಿ ಕೆಲಸ. ಬೆಳೆ ನಿಂತಾಗ ಸರಪಳಿ ಎಳೆಯಲು ಬರುವುದಿಲ್ಲ. ಹಾಗಾಗಿ ಫೆಬ್ರುವರಿಯಿಂದ ಮೇ ತನಕ ಬಿಸಿಲಲ್ಲೇ. ಕಲಬುರಗಿಯ ಏಪ್ರಿಲ್ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿಯವರಿಗೆ ಹೊಸತಲ್ಲ. ಬೆಳಿಗ್ಗೆ ಒಂಬತ್ತೂವರೆ ಆಯಿತೆಂದರೆ ನೆಲದಿಂದ ಝಳ ಎದ್ದು ದೂರದ ಬಾವುಟ ನೀರಿನಲ್ಲಿ ಅದ್ದಿದಂತೆ ಕುಣಿಯತೊಡಗುತ್ತಿತ್ತು. ಆಮೇಲೆ ಸೀಳಿನಲ್ಲಿ ನೋಡಿ ಪ್ರಯೋಜನ ಇಲ್ಲ. ಆದ್ದರಿಂದ ಐದೂವರೆಗೇ ಹೊಲದಲ್ಲಿರುತ್ತಿದ್ದೆವು. ಉದ್ದ ಲೆನ್ಸ್ ಹಾಕಿ ದೂರದ ಜಿಂಕೆಯನ್ನೋ ಕೊಕ್ಕರೆಯನ್ನೋ ಹನ್ನೊಂದು ಗಂಟೆಗೆ ತೆಗೆದು, ಚಿತ್ರ ಮಸುಕು ಬಂತು, ಲೆನ್ಸ್ ಕೆಟ್ಟಿದೆ ಅನ್ನುವವರನ್ನು ಈಗ ನೋಡುತ್ತೇನೆ. ಲೆನ್ಸ್ ಸರಿಯಾಗಿಯೇ ಇರುತ್ತದೆ. ನಡುವಿನ ಗಾಳಿ ಕುದಿಯುತ್ತಿರುತ್ತದೆ, ಅಷ್ಟೆ.

ಇಷ್ಟೆಲ್ಲ ನೋಡುತ್ತಿದ್ದವನು ಒಂದನ್ನು ನೋಡಲಿಲ್ಲ. ಅದು ಗೊತ್ತಾದದ್ದು 2009ರಲ್ಲಿ.

ಜೇವರ್ಗಿ ತಾಲ್ಲೂಕಿನಲ್ಲಿ ಭೀಮಾ ನದಿಗೆ ಹತ್ತಿರದ ಒಂದು ಊರು. ಇಬ್ಬರು ಅಣ್ಣತಮ್ಮಂದಿರು, 8 ಎಕರೆ 12 ಗುಂಟೆ ಹೊಲ. ಸಮ ಪಾಲು ಅಂದರೆ ಒಬ್ಬೊಬ್ಬರಿಗೆ 4 ಎಕರೆ 6 ಗುಂಟೆ. ಲೆಕ್ಕ ಮಾಡಿ ಗೆರೆ ಹಿಡಿದರೆ ಅದು ಹೊಲದ ನಡುವೆ ನಿಂತ ಬನ್ನಿ ಮರದ ಬುಡದ ಮೇಲೇ ಹಾದುಹೋಯಿತು. ಅವರ ಮುತ್ಯಾನ ಕಾಲದ ಮರ. ದಸರೆಗೆ ಮನೆಯವರೆಲ್ಲ ಅಲ್ಲಿಗೆ ಬಂದು ಪೂಜೆ ಮಾಡಿ, ಅದರ ಎಲೆಯನ್ನೇ ಒಬ್ಬರಿಗೊಬ್ಬರು ಕೊಟ್ಟು 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಅನ್ನುತ್ತಿದ್ದರಂತೆ.

ತಮ್ಮ ಕೇಳಿದ, "ಸಾಹೇಬ್ರ, ಗಿಡ ಯಾರ ಪಾಲಿಗಿ ಬಂತ್ರಿ?"

"ಗೆರಿ ನಟ್ಟನಡುವ ಹೋಗ್ಯಾದಪ. ಇಬ್ಬರಿಗೂ ಬಂತು" ಅಂದೆ. ಕಲ್ಲು ನೆಡಿಸಿ, ಪಂಚರ ಸಹಿ ಹಾಕಿಸಿಕೊಂಡು, ಚಹಾ ಕುಡಿದು ಜೀಪು ಹತ್ತಿದೆ.

ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಹೋಗುವಾಗ ಮರ ಇರಲಿಲ್ಲ. ಕಡಿದು, ಕಟ್ಟಿಗೆಯನ್ನು ಕಲ್ಲಿನ ಈಚೆಗೊಂದು ಆಚೆಗೊಂದು ಎರಡು ಸರಿ ಗುಂಪು ಮಾಡಿ ಒಟ್ಟಿದ್ದರು. ನನ್ನ ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಮರ ಇಬ್ಬರಿಗೂ ಸೇರಿದ್ದು, ಕಡಿಯಬಾರದು ಅಂತ ಅವತ್ತು ಇಬ್ಬರನ್ನೂ ಕೂಡಿಸಿ ಪಂಚರೆದುರು ಒಂದು ಮಾತು ಆಡಿಸಬಹುದಿತ್ತು. ಆಡಿಸಲಿಲ್ಲ. ಅವತ್ತು ರಾತ್ರಿ ಮಲಗಿ, ಆ ಮರ ಹೇಗಿತ್ತು ಅಂತ ನೆನೆಸಿಕೊಳ್ಳಲು ನೋಡಿದೆ. ಕೊಂಬೆ ಎಷ್ಟು ಹರಡಿತ್ತು, ಬುಡಕ್ಕೆ ಅರಿಶಿನ ಕುಂಕುಮ ಇತ್ತೋ ಇಲ್ಲವೋ, ಯಾವುದೂ ಬರಲಿಲ್ಲ. ಬಂದದ್ದು ಒಂದೇ: ಮೂಲೆಗಲ್ಲಿನಿಂದ 9 ಸರಪಳಿ 4 ಆಣೆ.

ಸಾವಿರಾರು ಹೊಲ ಸುತ್ತಿ ನನ್ನ ಹತ್ತಿರ ಉಳಿದದ್ದು ಅಂಕಿ ಮಾತ್ರ ಅನ್ನುವುದು ಅವತ್ತು ಮನಸ್ಸಿಗೆ ನಾಟಿತು. ಕ್ಯಾಮೆರಾ ಕೊಳ್ಳಬೇಕೆಂಬ ಆಸೆ ಅಲ್ಲಿಂದ ಶುರು. ಮಕ್ಕಳ ಓದು, ಮನೆ ಸಾಲ ಮುಗಿಯುವ ಹೊತ್ತಿಗೆ ಏಳು ವರ್ಷ ಹೋಯಿತು.

ಪರಿಚಯದ ಸ್ಟುಡಿಯೋದವರು ಬಳಸಿ ಬಿಟ್ಟ ನಿಕಾನ್ ಡಿ3200, ಜೊತೆಗೆ 18-55 ಲೆನ್ಸ್, ಎರಡೂ ಸೇರಿ ಹದಿನಾಲ್ಕು ಸಾವಿರಕ್ಕೆ ತೆಗೆದುಕೊಂಡೆ. ಮೊದಲ ಭಾನುವಾರ ಆಳಂದ ರಸ್ತೆಯ ಹೊಲಗಳಿಗೆ ಹೋಗಿ ತೆಗೆದ ಚಿತ್ರ ಒಂದೂ ಸರಿ ಬರಲಿಲ್ಲ. ನಮ್ಮ ಎರೆ ಮಣ್ಣು ಬೂದಿ ಬಣ್ಣಕ್ಕೆ ತಿರುಗಿತ್ತು. ಕಾರಣ ತಿಳಿಯಲು ಎರಡು ವಾರ ಬೇಕಾಯಿತು. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಎದುರಿಗಿರುವುದೆಲ್ಲ ನಡುಮಟ್ಟದ ಬೂದು ಅಂತ ತಿಳಿದು ಲೆಕ್ಕ ಹಾಕುತ್ತದೆ. ಚೌಕಟ್ಟಿನ ತುಂಬ ಕರಿ ಮಣ್ಣು ಇಟ್ಟರೆ, ಬೆಳಕು ಸಾಲದು ಅಂತ ತಿಳಿದು ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಮೀಟರಿನ ಲೆಕ್ಕಕ್ಕಿಂತ ಬೆಳಕು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಜರ್ ಕಾಂಪೆನ್ಸೇಶನ್ ಅನ್ನು −1ಕ್ಕೆ ಇಳಿಸಿದೆ; ಮಳೆ ಬಿದ್ದ ಮಾರನೇ ದಿನವಾದರೆ ಇನ್ನೂ ಸ್ವಲ್ಪ ಇಳಿಸಬೇಕು. ಮಣ್ಣು ಮಣ್ಣಿನ ಬಣ್ಣಕ್ಕೆ ಬಂತು. ಶಹಾಬಾದ್ ಕಲ್ಲಿನ ಗಣಿ ಹತ್ತಿರ ಬಿಸಿಲಿಗೆ ಹೊಳೆಯುವ ಬಂಡೆ ತೆಗೆಯುವಾಗ ಇದರ ಉಲ್ಟಾ, ಪ್ಲಸ್ ಕಡೆಗೆ ಹೋಗಬೇಕು. ಈ ನೆಲದಲ್ಲಿ ಚಿತ್ರ ತೆಗೆಯುವವರು ಬೇರೇನು ಕಲಿಯದಿದ್ದರೂ ಇದನ್ನು ಕಲಿಯಲೇಬೇಕು.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದೆ. 1367ರ ಕಟ್ಟಡ. ಅದಕ್ಕೆ ಬಯಲು ಅಂಗಳ ಇಲ್ಲ, ಇಡೀ ಮಸೀದಿಗೆ ಚಾವಣಿ. ಬೆಳಕು ಪಕ್ಕದ ಅಗಲ ಕಮಾನುಗಳಿಂದ ಅಡ್ಡಲಾಗಿ, ನೆಲಕ್ಕೆ ಹತ್ತಿಕೊಂಡಂತೆ ಒಳಗೆ ಬರುತ್ತದೆ. ಸ್ಟ್ಯಾಂಡ್ ಒಯ್ಯಲು ಪರವಾನಗಿ ಬೇಕು. ಹಾಗಾಗಿ ಗೋಡೆಗೆ ಭುಜ ಆನಿಸಿ, ಮೊಣಕೈ ಎದೆಗೆ ಒತ್ತಿ, ಅರ್ಧ ಉಸಿರು ಬಿಟ್ಟು ಒತ್ತುತ್ತಿದ್ದೆ. ಕ್ರಾಸ್ ಸ್ಟಾಫ್ ಅಲುಗದಂತೆ ಹಿಡಿಯುತ್ತಿದ್ದ ರೀತಿ ಅದೇ. ಕ್ಯಾಮೆರಾದ ಶಟರ್ ಸೆಕೆಂಡಿನ 1/15ರಷ್ಟು ಹೊತ್ತು ತೆರೆದಿದ್ದರೂ ಕೈ ಅಲುಗದೆ ನಿಲ್ಲುತ್ತಿತ್ತು. ಕಮಾನಿನ ಸಾಲು ಒಂದರೊಳಗೊಂದು ಸರಿಯಾಗಿ ಕೂರಬೇಕಾದರೆ ಎರಡು ಕಂಬಗಳ ನಟ್ಟನಡುವೆ ನಿಲ್ಲಬೇಕು. ನಾನು ಪಾದದಿಂದಲೇ ಅಳೆದು ನಿಲ್ಲುತ್ತಿದ್ದೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಬಗ್ಗೆಯೂ ಹೇಳಬೇಕು. ಯಾದಗಿರಿ ಇನ್ನೂ ಬೇರೆ ಜಿಲ್ಲೆ ಆಗಿರದ ಕಾಲದಲ್ಲಿ ಅಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ದೂರದಿಂದ ನೋಡಿದರೆ ಹಣೆ, ಮೂಗು, ತುಟಿ, ಎದೆ ಎಲ್ಲ ಒಂದೇ ಗೆರೆಯಲ್ಲಿ ಬಂದು ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ರಸ್ತೆಯಲ್ಲಿ ಮುಂದೆ ಹೋಗುತ್ತಿದ್ದಂತೆ ಮೂಗು ಒಂದು ಗುಡ್ಡ, ಎದೆ ಇನ್ನೊಂದು ಗುಡ್ಡ ಆಗಿ ಬಿಡಿ ಬಿಡಿ ನಿಲ್ಲುತ್ತವೆ. ಆ ಮೂರು ವರ್ಷ ದಿನಾ ನೋಡಿದ್ದೆ, ಒಂದು ದಿನವೂ ನಿಂತು ನೋಡಿರಲಿಲ್ಲ. ಕ್ಯಾಮೆರಾ ಹಿಡಿದು ಹೋದಾಗ ಬೆಳಗಿನ ಬಸ್ಸಿಳಿದು, ಗುಡ್ಡಗಳು ಕೂಡುವ ಜಾಗ ಹುಡುಕುತ್ತಾ ಹೊಲದ ಬದುಗುಂಟ ನಡೆದೆ. ಹತ್ತಿ ಬಿಡಿಸುತ್ತಿದ್ದ ಆಯಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ, "ಏನ್ ಹುಡುಕ್ಲತ್ತಿಯೋ ಯಪ್ಪಾ?" ಅಂದಳು. ನಿಲ್ಲಾಕ ಜಾಗ ಹುಡುಕ್ಲತ್ತೀನಿ ಆಯಿ ಅಂದೆ. "ನಮ್ ಹೊಲದಾಗ ನಿಂದ್ರು, ಯಾರ್ ಬ್ಯಾಡ ಅಂತಾರ" ಅಂದು ಮತ್ತೆ ಬಗ್ಗಿದಳು. ಅವಳ ಹೊಲದಿಂದಲೇ ಆ ಚಿತ್ರ ಸಿಕ್ಕಿತು. ಮುಂದೆ ಹತ್ತಿಯ ಬಿಳಿ, ಅವಳ ಬಗ್ಗಿದ ಬೆನ್ನು, ಹಿಂದೆ ಮಲಗಿದ ಮುಖ.

ಬನ್ನಿ ಮರದ ಊರಿಗೆ ಹೋಗುವ ಧೈರ್ಯ ಬಂದದ್ದು 2018ರ ದಸರೆ ಹೊತ್ತಿಗೆ. ತೊಗರಿ ಎದೆಮಟ್ಟ ಬೆಳೆದು ಹಳದಿ ಹೂ ಬಿಡತೊಡಗಿತ್ತು. ಬದುವಿನ ಮೇಲೆ ನಡೆದು ಹೋದೆ. ಕಡಿದ ಬೊಡ್ಡೆ ಅಲ್ಲೇ ಇತ್ತು. ಅದರ ಸುತ್ತ ಆರೇಳು ಚಿಗುರು ಎದ್ದು, ಎಲ್ಲಕ್ಕಿಂತ ಗಟ್ಟಿಯಾದದ್ದು ನನ್ನ ತಲೆಯ ಮೇಲೆ ಹೋಗಿತ್ತು. ಅದರ ಬುಡಕ್ಕೆ ಹಸಿ ಕುಂಕುಮ. ಪಕ್ಕದಲ್ಲೇ ನಾನು ನೆಡಿಸಿದ ಕಲ್ಲು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಕೂಡುತ್ತದಲ್ಲ, ಅದಕ್ಕೆ ಕಲ್ಲು ತುಸು ವಾಲಿತ್ತು. ಸಂಜೆ ಐದೂವರೆಯ ಬೆಳಕು ಬರುವವರೆಗೆ ಕಾದೆ. ಎರಡು ಹೆಜ್ಜೆ ಮುಂದೆ, ಒಂದು ಗೇಣು ಎಡಕ್ಕೆ, ಮಂಡಿ ಊರಿ ತೆಗೆದೆ.

ದೊಡ್ಡ ಅಳತೆಯಲ್ಲಿ ಎರಡು ಪ್ರಿಂಟು ಹಾಕಿಸಿ ಎರಡೂ ಮನೆಗೆ ಒಯ್ದೆ. ಅವರಿಬ್ಬರಿಗೂ ಇನ್ನೂ ಮಾತಿಲ್ಲ. ತಮ್ಮ ಮನೆಯಲ್ಲಿರಲಿಲ್ಲ, ಅವನ ಹೆಂಡತಿ ಈಸಿಕೊಂಡಳು. ಅಣ್ಣ ಕಟ್ಟೆಯ ಮೇಲೆ ಕೂತು, ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಬೆರಳಿನಿಂದ ಬದು ಹಿಡಿದು ಬಂದು ಬೊಡ್ಡೆಯ ಹತ್ತಿರ ನಿಲ್ಲಿಸಿದ.

"ಸಾಹೇಬ್ರ, ನೀವು ನಡಿಸಿದ ಕಲ್ಲು ಕಾಣವಲ್ದಲ್ರಿ ಇದರಾಗ."

ನಾನು ಮಂಡಿ ಊರಿದ ಜಾಗದಿಂದ ಕಲ್ಲು ಚಿಗುರಿನ ಹಿಂದೆ ಮರೆಯಾಗಿತ್ತು. ಹೌದಪ, ಅಲ್ಲಿ ನಿಂತರ ಕಾಣೂದಿಲ್ಲ ಅಂದೆ.