ಕೈಗಾ ಬೇಡ ಅಂದವರು ಆ ಮಾತನ್ನು ಮತ್ತೆ ತೂಗಿ ನೋಡುವುದು ಹೇಗೆ

ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಇದೆ. ಅದು ಬೇಡ ಅಂದವರಲ್ಲಿ ನಾನೂ ಒಬ್ಬಳು. ಒಂದು ಹಾಳೆ ತೆಗೆದುಕೊಳ್ಳಿ. ಅಣುವಿದ್ಯುತ್ ಯಾಕೆ ಬೇಡ ಅಂತ ನಿಮಗೆ ಅನ್ನಿಸುತ್ತದೆ? ಕಾರಣಗಳನ್ನು ಬರೆಯಿರಿ. ಒಂದು ಸಾಲಿಗೆ ಒಂದೇ ಕಾರಣ. ಎಲ್ಲವನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಅದು ಭಯವಾಗಿಯೇ ಉಳಿಯುತ್ತದೆ. ಬಿಡಿಸಿ ಬರೆದರೆ ಒಂದೊಂದನ್ನೇ ಕೇಳಿ ನೋಡಬಹುದು.

ನಾನು ಬರೆದ ಸಾಲುಗಳು ಇವು. ಬಾಂಬಿನ ಹಾಗೆ ಸಿಡಿಯುತ್ತದೆ. ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ. ಕಸ ಸಾವಿರಾರು ವರ್ಷ ಉಳಿಯುತ್ತದೆ. ಕಾಡು ಹೋಗುತ್ತದೆ. ಏನಾದರೂ ಆದರೆ ನಮಗೆ ನಿಜ ಹೇಳುವುದಿಲ್ಲ. ಕೊನೆಯ ಸಾಲು: ಕಾರಂತಜ್ಜ ಬೇಡ ಅಂದಿದ್ದಾರೆ.

ಆ ಕೊನೆಯದು ಕಾರಣ ಅಲ್ಲ, ನನಗೆ ಗೊತ್ತು. ಆದರೆ ಎಲ್ಲಕ್ಕಿಂತ ಭಾರ ಅದಕ್ಕೇ ಇತ್ತು. 1989ರಲ್ಲಿ ಶಿವರಾಮ ಕಾರಂತರು ಕೈಗಾ ಬೇಡ ಅಂತ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತಾಗ ಅವರಿಗೆ 87 ವರ್ಷ. ನಾನು ಪಿಯುಸಿ ಓದುತ್ತಿದ್ದೆ. ಚಿಕ್ಕಪ್ಪನ ಜೊತೆ ಯಲ್ಲಾಪುರದ ಸುತ್ತ ಕರಪತ್ರ ಹಂಚಿದ್ದೆ. ನಿಮ್ಮ ಪಟ್ಟಿಯಲ್ಲೂ ಇಂಥ ಒಂದು ಸಾಲು ಇದ್ದರೆ ಮುಚ್ಚಿಡಬೇಡಿ, ಬರೆಯಿರಿ. ಯಾರ ಮೇಲಿನ ಪ್ರೀತಿಯಿಂದ ಒಂದು ಮಾತನ್ನು ನಂಬಿದ್ದೇವೆ ಅಂತ ಗೊತ್ತಾದರೆ, ಆ ಪ್ರೀತಿಯನ್ನು ಇಟ್ಟುಕೊಂಡೇ ಮಾತನ್ನು ಪರೀಕ್ಷಿಸಬಹುದು.

ಈಗ ಸುಲಭದ ಸಾಲಿನಿಂದ ಶುರು ಮಾಡಿ. ನನಗೆ ಅದು ಬಾಂಬ್. ಕೈಗಾದಲ್ಲಿ ಉರಿಯುವುದು ನೆಲದಿಂದ ತೆಗೆದ ಸಹಜ ಯುರೇನಿಯಂ. ಅದರಲ್ಲಿ ಸೀಳುವ ಯುರೇನಿಯಂ-235 ಇರುವುದು ಶೇ 0.7 ಮಾತ್ರ. ಬಾಂಬಿಗೆ ಅದು ಶೇ 90ರ ಹತ್ತಿರ ಬೇಕು. ಚೆರ್ನೋಬಿಲ್‌ನಲ್ಲಿ ಸಿಡಿದದ್ದು ಹಬೆಯ ಒತ್ತಡ, ಫುಕುಶಿಮಾದಲ್ಲಿ ಹೈಡ್ರೋಜನ್. ಅವು ಘೋರವೇ, ಆದರೆ ಅಣುಬಾಂಬ್ ಅಲ್ಲ. ಸಾಲು ಹೊಡೆದೆ. ವಿಜ್ಞಾನದ ಟೀಚರ್ ಆಗಿದ್ದೂ ಇಷ್ಟು ನೋಡಲು ನನಗೆ ಇಪ್ಪತ್ತು ವರ್ಷ ಬೇಕಾಯಿತು.

ವಿಕಿರಣದ ಸಾಲಿಗೆ ಅಳತೆ ಬೇಕು. ಅಳತೆಯ ಹೆಸರು ಮಿಲಿಸೀವರ್ಟ್. ಮಣ್ಣು, ಕಲ್ಲು, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಎದೆಯ ಒಂದು ಸಿಟಿ ಸ್ಕ್ಯಾನ್ ಅಂದರೆ ಸುಮಾರು 7. ಅಣುಸ್ಥಾವರದಿಂದ ಸುತ್ತಲಿನ ಜನರಿಗೆ ವರ್ಷಕ್ಕೆ 1ಕ್ಕಿಂತ ಜಾಸ್ತಿ ತಾಗಬಾರದು ಅನ್ನುವುದು ನಿಯಮ. ಕೇರಳದ ಕರುನಾಗಪಳ್ಳಿಯ ಕರಾವಳಿ ಮರಳಿನಲ್ಲಿ ವಿಕಿರಣ ಸೂಸುವ ಥೋರಿಯಂ ಇದೆ. ಅಲ್ಲಿನ ಸಹಜ ವಿಕಿರಣ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿನ ಜನರನ್ನು ವರ್ಷಗಟ್ಟಲೆ ಗಮನಿಸಿದವರಿಗೆ ಅದರಿಂದ ಕ್ಯಾನ್ಸರ್ ಹೆಚ್ಚಾದದ್ದು ಕಾಣಲಿಲ್ಲ. ಈ ಸಾಲನ್ನು ನಾನು ಪೂರ್ತಿ ಹೊಡೆಯಲಿಲ್ಲ. ಪಕ್ಕದಲ್ಲಿ ‘ಎಷ್ಟು ಅಂತ ಕೇಳು’ ಎಂದು ಬರೆದುಕೊಂಡೆ.

ಮುಂದಿನ ಕೆಲಸವೇ ಮುಖ್ಯ. ಹಾಳೆಯ ಹಿಂದೆ ಇನ್ನೊಂದು ಪ್ರಶ್ನೆ ಬರೆಯಿರಿ: ಇದು ಬೇಡವಾದರೆ ರಾತ್ರಿ ಎಂಟು ಗಂಟೆಗೆ ನನ್ನ ಮನೆಯ ದೀಪ ಯಾವುದರಿಂದ ಉರಿಯುತ್ತದೆ?

ನಾನು ಈ ಪ್ರಶ್ನೆಯನ್ನು ಪುಸ್ತಕದಲ್ಲಿ ಓದಿದ್ದಲ್ಲ. ಬಯಲುಸೀಮೆಯ ಒಂದು ಊರಿಗೆ ನನಗೆ ವರ್ಗವಾಗಿತ್ತು. ಹತ್ತಿರದಲ್ಲೇ ಕಲ್ಲಿದ್ದಲಿನ ಸ್ಥಾವರ. ಮಾಳಿಗೆಯ ಮೇಲೆ ಒಣಹಾಕಿದ ಬಟ್ಟೆಯನ್ನು ಕೊಡವದೆ ಮಡಚುವ ಹಾಗಿರಲಿಲ್ಲ. ಹಪ್ಪಳ ಇಟ್ಟರೆ ಅದರ ಮೇಲೂ ಬೂದಿ. ತರಗತಿಯಲ್ಲಿ ಮಕ್ಕಳು ಕೆಮ್ಮುತ್ತಿದ್ದರು. ಬೆಳಿಗ್ಗೆ ಕಿಟಕಿಯ ದಂಡೆ ಒರೆಸುವಾಗ ನನಗೆ ಹೊಳೆಯಿತು, ಇದರ ವಿರುದ್ಧ ನಾನು ಒಂದು ಕರಪತ್ರವನ್ನೂ ಹಂಚಿಲ್ಲ ಅಲ್ವಾ? ಆ ದಿನ ತುಂಬಾ ನಾಚಿಕೆಯಾಯಿತು.

ಲೆಕ್ಕ ನೀವೇ ಹಾಕಿ, ಎಂಟನೇ ಕ್ಲಾಸಿನ ಗಣಿತ ಸಾಕು. ಕೈಗಾದ ಒಂದು ಘಟಕ 220 ಮೆಗಾವ್ಯಾಟ್. ಇಡೀ ದಿನ ಪೂರ್ತಿ ಓಡಿದರೆ 52.8 ಲಕ್ಷ ಯುನಿಟ್. ಹವಾಮಾನ ಬದಲಾವಣೆಯನ್ನು ನೋಡುವ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ 2014ರ ವರದಿಯ ಪ್ರಕಾರ, ಗಣಿಯಿಂದ ಹಿಡಿದು ಎಲ್ಲವನ್ನೂ ಸೇರಿಸಿದರೆ ಕಲ್ಲಿದ್ದಲಿನ ಒಂದು ಯುನಿಟ್‌ಗೆ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಹಸಿರುಮನೆ ಅನಿಲ, ಅಣುವಿನದಕ್ಕೆ 12 ಗ್ರಾಂ. ಗುಣಿಸಿ ನೋಡಿ. ಅದೇ ಕರೆಂಟನ್ನು ಕಲ್ಲಿದ್ದಲಿನಿಂದ ತೆಗೆದರೆ ದಿನಕ್ಕೆ ಸುಮಾರು 4,300 ಟನ್, ಅಣುವಿನಿಂದ 63 ಟನ್. ಇಂಥ ನಾಲ್ಕು ಘಟಕಗಳು ಅಲ್ಲಿವೆ. ಮೊದಲ ಘಟಕ 2018ರ ಕೊನೆಗೆ ನಿಂತಾಗ ಬಿಡುವಿಲ್ಲದೆ 962 ದಿನ ಓಡಿತ್ತು, ಆಗ ಅದು ಜಗತ್ತಿನ ದಾಖಲೆ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಅದರ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ರಾತ್ರಿ ಎಂಟಕ್ಕೆ ಅಲ್ಲಿ ಬಿಸಿಲಿಲ್ಲ. ದೇಶದ ಕರೆಂಟಿನಲ್ಲಿ ಮುಕ್ಕಾಲು ಪಾಲಿನ ಹತ್ತಿರ ಇನ್ನೂ ಕಲ್ಲಿದ್ದಲಿನದೇ. ಅಣುವಿನದು ಶೇ 3ರ ಆಸುಪಾಸು.

ಕಾಡಿನ ಸಾಲು ನನ್ನನ್ನು ಬಹಳ ಕಾಡಿತು. ಕೈಗಾ ಇರುವುದು ಪಶ್ಚಿಮ ಘಟ್ಟದ ಕಾಡಿನಲ್ಲೇ. ಆದರೆ ಅದೇ ಕಾಳಿ ನದಿಗೆ ಸೂಪಾ ಕಟ್ಟೆ ಹಾಕಿದಾಗ ಹಳ್ಳಿಗಳೇ ಮುಳುಗಿದವು. ಅದನ್ನು ನಾವು ಸ್ವಚ್ಛ ವಿದ್ಯುತ್ ಅಂತಲೇ ಕರೆದೆವು. ಯುರೇನಿಯಂ ಕೂಡ ಯಾರದೋ ಊರಿನಿಂದ ಬರುತ್ತದೆ. ಜಾರ್ಖಂಡಿನ ಜಾದುಗುಡದ ಜನರ ನೋವನ್ನು ಲೆಕ್ಕದಿಂದ ಬಿಟ್ಟು ‘ಸ್ವಚ್ಛ’ ಅಂದರೆ ತಪ್ಪಾಗುತ್ತದೆ. ಹಾಗಾಗಿ ನಾನು ಈಗ ‘ಕಲ್ಲಿದ್ದಲಿಗಿಂತ ಎಷ್ಟೋ ಸ್ವಚ್ಛ’ ಅನ್ನುತ್ತೇನೆ. ಬರಿಯ ‘ಸ್ವಚ್ಛ’ ಅನ್ನುವುದಿಲ್ಲ. ಕಸದ ಸಾಲೂ ಹಾಗೇ ಇದೆ. ಉರಿದ ಇಂಧನವನ್ನು ನೀರಿನ ಕೊಳದಲ್ಲಿ ಇಟ್ಟು ಕಾಯುತ್ತಾರೆ. ಬೂದಿಯ ಹಾಗೆ ಊರ ಮೇಲೆ ಹಾರುವುದಿಲ್ಲ, ಆದರೆ ಕಾಯುವುದನ್ನು ಬಿಡುವಂತಿಲ್ಲ.

ಕೆಲವು ಸಾಲುಗಳನ್ನು ಹೊಡೆಯಲೇಬೇಡಿ. ಮನಸ್ಸು ಬದಲಿಸಿದವರು ಆತುರದಲ್ಲಿ ಎಲ್ಲವನ್ನೂ ಹೊಡೆದುಬಿಡುತ್ತಾರೆ. 1994ರಲ್ಲಿ ಕೈಗಾದಲ್ಲಿ ಕಟ್ಟುತ್ತಿದ್ದ ರಿಯಾಕ್ಟರ್ ಗುಮ್ಮಟದ ಒಳಗಿನ ಕಾಂಕ್ರೀಟು ಕಳಚಿ ಬಿತ್ತು. 2009ರಲ್ಲಿ ಅಲ್ಲಿನ ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಎಂಬ ವಿಕಿರಣ ಸೂಸುವ ಹೈಡ್ರೋಜನ್ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಹೊಟ್ಟೆಗೆ ಹೋಯಿತು. ‘ನಿಜ ಹೇಳುವುದಿಲ್ಲ’ ಅನ್ನುವ ನನ್ನ ಐದನೆಯ ಸಾಲಿಗೆ ಇದಕ್ಕಿಂತ ಹೆಚ್ಚು ಏನು ಬೇಕು?

ಇನ್ನು ಮನೆಯವರಿಗೆ ಹೇಳುವುದು. ಹಬ್ಬದ ಊಟದ ಪಂಕ್ತಿಯಲ್ಲಿ ಹೇಳಬೇಡಿ. ಒಬ್ಬರೇ ಇದ್ದಾಗ ಹೋಗಿ, ಹಾಳೆಯನ್ನೇ ಕೈಗೆ ಕೊಡಿ. ಚಿಕ್ಕಪ್ಪ ಜಗುಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಹಾಳೆಯನ್ನು ಎರಡು ಸಲ ಓದಿದರು. “ಕಾರಂತರ ಸಾಲನ್ನೂ ಹೊಡೆದ್ಯನೇ?” ಅಂತ ಕೇಳಿದರು. “ಇಲ್ಲ ಚಿಕ್ಕಪ್ಪ, ಅದನ್ನು ಐದನೆಯದರ ಜೊತೆ ಸೇರಿಸಿದ್ದೇನೆ. ಅವರು ಪ್ರಶ್ನೆ ಕೇಳುವುದನ್ನು ಕಲಿಸಿದರಲ್ಲ” ಅಂದೆ. ಅವರು ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ. ಆದರೆ ಹಾಳೆ ವಾಪಸ್ ಕೊಡುವ ಮೊದಲು ಪೆನ್ನು ಕೇಳಿ ಒಂದು ಸಾಲು ಸೇರಿಸಿದರು: ಫುಕುಶಿಮಾ.

ಅದಕ್ಕಾಗಿ ಮತ್ತೆ ಓದಿದೆ. 2018ರಲ್ಲಿ ಜಪಾನ್ ಸರ್ಕಾರ ಅಲ್ಲಿನ ವಿಕಿರಣದಿಂದ ಒಬ್ಬ ಕೆಲಸಗಾರ ಸತ್ತದ್ದನ್ನು ಒಪ್ಪಿಕೊಂಡಿತು. ಆದರೆ ಊರು ಬಿಡಿಸುವ ಗಡಿಬಿಡಿ ಮತ್ತು ಆಮೇಲಿನ ಬವಣೆಯಲ್ಲಿ ಸತ್ತವರು 2,000ಕ್ಕೂ ಹೆಚ್ಚು, ಬಹಳಷ್ಟು ಜನ ಮುದುಕರು. ಕೈಗಾದಲ್ಲಿ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. ಹಾಗಾಗಿ ಚಿಕ್ಕಪ್ಪನ ಸಾಲಿನ ಕೆಳಗೆ ಸ್ಥಾವರದವರಿಗೆ ನನ್ನ ಪ್ರಶ್ನೆಗಳನ್ನು ಬರೆದಿಟ್ಟಿದ್ದೇನೆ. ಕೈಗಾದ ಹತ್ತಿರದ ಮಲ್ಲಾಪುರದ ಕಡೆಯ ಜನರನ್ನು ಮಳೆಗಾಲದ ರಾತ್ರಿ ಯಾವ ರಸ್ತೆಯಲ್ಲಿ ಕರೆದೊಯ್ಯುತ್ತೀರಿ? ಹಾಸಿಗೆ ಹಿಡಿದವರನ್ನು ಯಾರು ಎತ್ತುತ್ತಾರೆ? ಕಾಳಿಯ ನೀರನ್ನು ಯಾರು ಅಳೆಯುತ್ತಾರೆ, ಆ ಅಂಕಿಯನ್ನು ಕನ್ನಡದಲ್ಲಿ ಎಲ್ಲಿ ಅಂಟಿಸುತ್ತೀರಿ? ಸಭೆ ಕರೆದ ದಿನ ಇವನ್ನು ಕೇಳಲು ಹೋಗುತ್ತೇನೆ.