ಕಾರು ಹಡಗು ಹತ್ತುವ ಮೊದಲು ಕೆಮ್ಮಣ್ಣು ಇಳಿಯಲಿ

ವಿದೇಶದಲ್ಲಿ ಕೆಲಸ ಸಿಕ್ಕಿ ಹೊರಟವರಿಗೆ ಕಾರನ್ನು ಮಾರುವುದೋ, ಜೊತೆಗೆ ಒಯ್ಯುವುದೋ ಎಂಬ ಪ್ರಶ್ನೆ ಬಂದರೆ ಅರ್ಧ ಉತ್ತರ ಸ್ಟಿಯರಿಂಗ್‌ನಲ್ಲೇ ಇದೆ. ನಮ್ಮ ಕಾರುಗಳದ್ದು ಬಲಗಡೆ. ಯುಎಇ, ಸೌದಿ ಅರೇಬಿಯಾಗಳಲ್ಲಿ ಅಂಥ ಕಾರಿಗೆ ನೋಂದಣಿ ಸಿಗುವುದಿಲ್ಲ. ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ತಕ್ಕಂತೆ ತಯಾರಾಗದ ಕಾರು ಅಲ್ಲಿಗೆ ಹೋಗಬೇಕಾದರೆ ಅದಕ್ಕೆ 25 ವರ್ಷ ತುಂಬಿರಬೇಕು, ಕೆನಡಾಕ್ಕೆ 15. ಸಿಂಗಪುರದಲ್ಲಿ ಇದರ ತಿರುವುಮುರುವು, 3 ವರ್ಷ ದಾಟಿದ ಕಾರಿಗೆ ಪ್ರವೇಶವಿಲ್ಲ. ಕೀನ್ಯಾದ ಮಿತಿ 8 ವರ್ಷ. ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ದೇಶಗಳಲ್ಲಿ ಕಾರು ಒಯ್ಯಲು ನಿಜವಾಗಿ ಆಸ್ಪದವಿರುವುದು ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ.

ಕೆಲಸ ಖಚಿತವಾದ ಮೇಲೆ ಇಲ್ಲಿ ಹೊಸ ಕಾರು ಕೊಂಡು ಒಯ್ಯುವ ಲೆಕ್ಕಾಚಾರ ಕೈಗೂಡುವುದಿಲ್ಲ. ಬ್ರಿಟನ್ನಿನಲ್ಲಿ ಆಮದು ಸುಂಕ ಮತ್ತು ಶೇ 20ರ ವ್ಯಾಟ್‌ನಿಂದ ವಿನಾಯಿತಿ ಬೇಕಾದರೆ ನೀವು ಕನಿಷ್ಠ 12 ತಿಂಗಳು ಆ ದೇಶದ ಹೊರಗೆ ನೆಲೆಸಿರಬೇಕು, ಕಾರು ಕನಿಷ್ಠ 6 ತಿಂಗಳು ನಿಮ್ಮ ಬಳಿ ಇದ್ದು ಓಡಿರಬೇಕು. ಅಲ್ಲಿಗೆ ಹೋದ ಮೇಲೂ 12 ತಿಂಗಳು ಮಾರುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ವಂತ ಬಳಕೆಯ ಕಾರು ತರುವವರಿಗೆ 12 ತಿಂಗಳ ಒಡೆತನ ಮತ್ತು ಬಳಕೆಯ ದಾಖಲೆ ಬೇಕು. ಅಲ್ಲಿನ ಪೌರತ್ವ ಅಥವಾ ಕಾಯಂ ನಿವಾಸದ ಹಕ್ಕು ಇರಬೇಕು, ಇಲ್ಲವೇ ಅದಕ್ಕೆ ಅರ್ಜಿಯನ್ನಾದರೂ ಹಾಕಿರಬೇಕು. ಆಮದು ಅನುಮತಿ ಕೈಗೆ ಬರುವ ಮೊದಲು ಕಾರನ್ನು ಹಡಗಿಗೆ ಏರಿಸಲೇಬೇಡಿ. ಅನುಮತಿ ಇಲ್ಲದೆ ಅಲ್ಲಿನ ಬಂದರು ತಲುಪಿದ ಕಾರು ಅಲ್ಲೇ ಉಳಿದು, ದಿನದಿನಕ್ಕೂ ಬಾಡಿಗೆ ಏರುತ್ತಾ ಹೋಗುತ್ತದೆ.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕಾರು ಓಡಿಸುವವರು ಮಕ್ಕಳು, ಆರ್‌ಸಿ ಅಪ್ಪನ ಹೆಸರಿನಲ್ಲಿ. ಹಾಗಿದ್ದರೆ ನಿಮ್ಮ ಒಡೆತನದ ತಿಂಗಳುಗಳ ಎಣಿಕೆ ಶುರುವಾಗುವುದು ನಮೂನೆ 29 ಮತ್ತು 30 ಸಲ್ಲಿಸಿ ಕಾರು ನಿಮ್ಮ ಹೆಸರಿಗೆ ಬಂದ ದಿನದಿಂದ. ಆರ್‌ಸಿಯಲ್ಲಿ ಊರು, ತಂದೆಯ ಹೆಸರಿನ ಮೊದಲಕ್ಷರಗಳಷ್ಟೇ ಇದ್ದು ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರಿದ್ದರೆ ಅದನ್ನೂ ಈಗಲೇ ಸರಿಪಡಿಸಿಕೊಳ್ಳಿ. ಸಾಲವಿದ್ದರೆ ತೀರಿಸಿ, ಬ್ಯಾಂಕಿನ ಎನ್‌ಒಸಿ ಮತ್ತು ನಮೂನೆ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿ.

ಭಾರತದಲ್ಲಷ್ಟೇ ಮಾರಾಟವಾಗುವ ಸಣ್ಣ ಕಾರನ್ನು ಒಯ್ಯಬೇಡಿ ಎಂಬುದು ನಮ್ಮ ಸ್ಪಷ್ಟ ಸಲಹೆ. ಒಂದು ಹೆಡ್‌ಲೈಟ್ ಒಡೆದರೂ ಬಿಡಿಭಾಗ ಇಲ್ಲಿಂದಲೇ ಹೋಗಬೇಕಾಗುತ್ತದೆ.

ಮಣ್ಣು ತೆಗೆಯುವ ಕೆಲಸ

ಕಾಗದಪತ್ರ ಎಲ್ಲ ಊರಿನವರಿಗೂ ಒಂದೇ. ಮಲೆನಾಡಿನ ಕಾರಿಗೆ ವಿಶೇಷವಾಗಿ ತೊಂದರೆ ಕೊಡುವುದು ಅಡಿಭಾಗದ ಕೆಮ್ಮಣ್ಣು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜೈವಿಕ ಸುರಕ್ಷತಾ ತಪಾಸಣೆಯವರು ಮಣ್ಣು, ಬೀಜ, ಎಲೆ, ಹುಳು ಯಾವುದು ಕಂಡರೂ ಕಾರನ್ನು ತಡೆದು ನಿಮ್ಮ ಖರ್ಚಿನಲ್ಲಿ ತೊಳೆಸುತ್ತಾರೆ. ಅದೂ ಆಗದ ಸ್ಥಿತಿಯಿದ್ದರೆ ವಾಪಸ್ ಕಳುಹಿಸುತ್ತಾರೆ. ಮಾಮೂಲಿ ವಾಟರ್ ಸರ್ವೀಸ್ ಇದಕ್ಕೆ ಸಾಲದು.

ಮೊದಲು ಒಣ ಕೆಲಸ ಮುಗಿಸಿ. ಕಾರನ್ನು ಲಿಫ್ಟ್ ಮೇಲೆ ಏರಿಸಿ ನಾಲ್ಕೂ ಚಕ್ರ ಬಿಚ್ಚಿಸಿ. ಚಕ್ರದ ಮೇಲ್ಭಾಗದ ಒಳಗಿರುವ ಪ್ಲಾಸ್ಟಿಕ್ ಹೊದಿಕೆಗಳನ್ನು ಕಳಚಿದರೆ ಅದರ ಹಿಂದೆ ಹಲವು ಮಳೆಗಾಲಗಳ ಮಣ್ಣು ಗಟ್ಟಿಯಾಗಿ ಕೂತಿರುವುದು ಕಾಣುತ್ತದೆ. ಅದನ್ನು ಗಟ್ಟಿ ಬ್ರಷ್‌ನಿಂದ ಉದುರಿಸಿ. ನೇರವಾಗಿ ನೀರು ಹಾರಿಸಿದರೆ ಮಣ್ಣು ಕರಗಿ ಚಾಸಿಯ ಸಂದುಗಳಿಗೆ ಇಳಿದು ಅಲ್ಲೇ ಒಣಗುತ್ತದೆ. ಆಮೇಲೆ ಪ್ರೆಶರ್ ವಾಷ್ ಮಾಡಿಸಿ, ಚಾಸಿಯ ತೂತುಗಳಿಂದ ತಿಳಿನೀರು ಬರುವವರೆಗೂ ಬಿಡಬೇಡಿ.

ತಪ್ಪದೆ ನೋಡಬೇಕಾದ ಜಾಗಗಳು ಹಲವಿವೆ. ಸ್ಟೆಪ್ನಿ ಕೂರುವ ಗುಂಡಿ, ಜಾಕ್ ಇಡುವ ಗೂಡು, ವೈಪರ್ ಕೆಳಗಿನ ಜಾಲರಿ, ಬಾಗಿಲುಗಳ ಅಡಿಯ ನೀರು ಹೋಗುವ ತೂತುಗಳು, ರೇಡಿಯೇಟರ್‌ಗೆ ಅಂಟಿದ ಹುಳುಗಳು. ಏರ್ ಫಿಲ್ಟರ್ ಮತ್ತು ಎಸಿ ಫಿಲ್ಟರ್ ಹೊಸದು ಹಾಕಿಸಿ. ಕೊಟ್ಟಿಗೆಯ ಪಕ್ಕ ನಿಲ್ಲುವ ಕಾರಾದರೆ ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಇಲಿ ಗೂಡು ಕಟ್ಟಿರುವುದು ತೀರಾ ಸಾಮಾನ್ಯ. ಡಿಕ್ಕಿಯಲ್ಲಿ ಅಡಿಕೆ, ಭತ್ತ, ಕಾಫಿ, ಗೊಬ್ಬರ ಏನಾದರೂ ಒಮ್ಮೆ ಹೋಗಿದ್ದರೂ ಮ್ಯಾಟ್ ಪೂರ್ತಿ ಎತ್ತಿ ವ್ಯಾಕ್ಯೂಮ್ ಹಾಕಿ. ಸೀಟಿನ ಹಳಿಯೊಳಗೆ ಸಿಕ್ಕಿಕೊಂಡ ಒಂದೇ ಒಂದು ಭತ್ತದ ಕಾಳು ಸಾಕು, ತಪಾಸಣೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ತೊಳೆದ ಮೇಲೆ ಕಾರನ್ನು ಮಣ್ಣು ರಸ್ತೆಗೆ ಇಳಿಸಬೇಡಿ. ತೋಟದ ಮನೆಯವರು ಈ ಕೆಲಸವನ್ನು ಬಂದರಿನ ಊರಿನಲ್ಲೇ ಮಾಡಿಸುವುದು ಜಾಣತನ. ಆಸ್ಟ್ರೇಲಿಯಾದಲ್ಲಿ ಕಲ್ನಾರು (ಆಸ್‌ಬೆಸ್ಟಾಸ್) ಪೂರ್ತಿ ನಿಷಿದ್ಧ. ಹಳೆಯ ಕಾರಿನ ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್‌ಗಳಲ್ಲಿ ಅದು ಇಲ್ಲವೆಂಬುದಕ್ಕೆ ಪುರಾವೆ ಇಟ್ಟುಕೊಳ್ಳಿ.

ಬ್ರಿಟನ್ನಿಗೆ ಹೋಗುವ ಕಾರಿನ ಚಿಂತೆ ಮಣ್ಣಲ್ಲ, ತುಕ್ಕು. ಕಾರು ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಅಲ್ಲಿನ ಎಂಒಟಿ ಪರೀಕ್ಷೆಯಲ್ಲಿ ಸಸ್ಪೆನ್ಷನ್, ಸೀಟ್ ಬೆಲ್ಟ್ ಮುಂತಾದವು ಕಾರಿನ ದೇಹಕ್ಕೆ ಕೂಡುವ ಜಾಗದಿಂದ 30 ಸೆಂ.ಮೀ. ಒಳಗೆ ಲೋಹ ಸವೆದು ದುರ್ಬಲವಾಗಿದ್ದರೆ ಕಾರು ಫೇಲ್. ಅಡಿಭಾಗಕ್ಕೆ ತುಕ್ಕು ತಡೆಯುವ ಲೇಪ, ಅಂದರೆ ಅಂಡರ್‌ಕೋಟಿಂಗ್ ಇದೆ ಎಂದು ನಿಶ್ಚಿಂತರಾಗಬೇಡಿ. ಎಷ್ಟೋ ಸಲ ಕೋಟಿಂಗ್‌ನ ಹಿಂದೆ ನೀರು ನಿಂತು ತುಕ್ಕು ಬೆಳೆದಿರುತ್ತದೆ. ಮರದ ಸುತ್ತಿಗೆಯಿಂದ ತಟ್ಟಿ ನೋಡಿ, ಮಂಕು ಸದ್ದು ಬಂದಲ್ಲಿ ಕೆರೆಸಿ ನೋಡಿ. 10 ವರ್ಷದೊಳಗಿನ ಕಾರಿಗೆ ನೋಂದಣಿಗೆ ಮುನ್ನ, ಅದು ಅಲ್ಲಿನ ಮಾನದಂಡಕ್ಕೆ ಹೊಂದುತ್ತದೆ ಎಂಬ ವಾಹನ ಅನುಮೋದನೆಯೂ ಬೇಕು.

ಬಂದರಿನವರೆಗೆ, ಹಡಗಿನೊಳಗೆ

ಶಿವಮೊಗ್ಗಕ್ಕೆ ಹತ್ತಿರದ ದೊಡ್ಡ ಬಂದರು ಪಣಂಬೂರಿನ ನವಮಂಗಳೂರು. ಕಾರನ್ನು ಲಾರಿಯ ಮೇಲೆ ಕಳುಹಿಸುವುದಾದರೆ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ಅವಕಾಶವಿಲ್ಲ ಎಂಬುದು ನೆನಪಿರಲಿ. ಮಳೆಗಾಲದಲ್ಲಿ ಉಳಿದ ಘಾಟಿಗಳನ್ನೂ ನೆಚ್ಚಿಕೊಳ್ಳುವಂತಿಲ್ಲ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಸಾಗಿಸುವುದು ಎಲ್ಲ ರೀತಿಯಲ್ಲೂ ಒಳ್ಳೆಯದು. ಒದ್ದೆ ಕಾರನ್ನು ಕಂಟೇನರಿನಲ್ಲಿ ಮುಚ್ಚಿದರೆ ಅಲ್ಲಿ ತೆರೆಯುವಾಗ ಸೀಟಿನ ತುಂಬ ಬೂಷ್ಟು ಹಿಡಿದಿರುತ್ತದೆ. ತೊಳೆದು ಎರಡು ಮೂರು ದಿನ ಬಾಗಿಲು ತೆರೆದಿಟ್ಟು ಬಿಸಿಲಿಗೆ ಒಣಗಿಸಿ, ಒಳಗೆ ತೇವ ಹೀರುವ ಚೀಲಗಳನ್ನು ತೂಗುಹಾಕಿ.

ಒಂದೇ ಕಾರಿಗೆ 20 ಅಡಿಯ ಕಂಟೇನರ್ ಸಾಕು, ಅದರ ಒಳ ಉದ್ದ ಸುಮಾರು 5.9 ಮೀಟರ್. ಟ್ಯಾಂಕಿನಲ್ಲಿ ಇಂಧನ ಕಾಲು ಭಾಗಕ್ಕಿಂತ ಕಡಿಮೆ ಇರಲಿ, ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿರಲಿ. ಕಟ್ಟುವ ಪಟ್ಟಿಗಳು ಚಕ್ರದ ಮೇಲೆ ಅಥವಾ ಕಾರು ಎಳೆಯುವ ಕೊಂಡಿಗೆ ಬೀಳಬೇಕು. ಸಸ್ಪೆನ್ಷನ್ ತೋಳಿಗೆ ಬಿಗಿದರೆ ಕಡಲ ಅಲೆಗೆ ಅದು ಬಾಗುತ್ತದೆ. ಚಕ್ರಕ್ಕೆ ಒತ್ತುಕೊಡುವ ಮರದ ತುಂಡುಗಳು ಶಾಖ ಸಂಸ್ಕರಣೆಯಾಗಿ ಮುದ್ರೆ ಒತ್ತಿದವೇ ಆಗಿರಲಿ. ತೋಟದಲ್ಲಿ ಸಿಕ್ಕಿದ ಹಲಗೆಯ ಜೊತೆ ಗೆದ್ದಲು, ಕೊರಕ ಹುಳುಗಳೂ ಹೊರಡುತ್ತವೆ. ಉಪ್ಪಿನಕಾಯಿ, ಅಪ್ಪೆಮಿಡಿ ಜಾಡಿಯನ್ನು ಡಿಕ್ಕಿಗೆ ಸೇರಿಸುವ ಆಸೆ ಬೇಡ. ಘೋಷಿಸದ ಒಂದೇ ವಸ್ತು ಸಿಕ್ಕಿದರೂ ಇಡೀ ಕಂಟೇನರನ್ನು ಬಿಚ್ಚಿಸುತ್ತಾರೆ.

ಹೊರಡುವ ಮೊದಲು ಆರ್‌ಟಿಒದಲ್ಲಿ ನಮೂನೆ 4ಎ ಮತ್ತು 1,000 ರೂಪಾಯಿ ಶುಲ್ಕ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ, ಅದು ಒಂದು ವರ್ಷಕ್ಕೆ ಮಾತ್ರ. ವಿಮಾ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತೆಗೆದುಕೊಳ್ಳಿ, 3 ವರ್ಷದೊಳಗೆ ಮರಳಿ ಬಂದು ಹೊಸ ಕಾರು ಕೊಂಡರೆ ಅದು ಉಪಯೋಗಕ್ಕೆ ಬರುತ್ತದೆ. ಫಾಸ್ಟ್ಯಾಗ್ ಮುಚ್ಚಿಸಿ. ಕಾರು ಶಾಶ್ವತವಾಗಿ ದೇಶ ಬಿಟ್ಟಿದೆ ಎಂದು ಆರ್‌ಟಿಒಗೆ ತಿಳಿಸಿದರೆ ಮೋಟಾರು ವಾಹನ ಕಾಯ್ದೆಯ 55ನೇ ಕಲಂ ಪ್ರಕಾರ ನೋಂದಣಿ ರದ್ದಾಗುತ್ತದೆ. ಆದರೆ ಅಲ್ಲಿ ಹೊಸ ನಂಬರ್ ಸಿಗುವವರೆಗೆ ಮೂಲ ಆರ್‌ಸಿ ನಿಮ್ಮ ಕೈಯಲ್ಲೇ ಇರಲಿ.

ಕಂಟೇನರಿಗೆ ಏರಿಸುವ ದಿನ ಕಾರಿನ ನಾಲ್ಕೂ ಬದಿ, ಅಡಿಭಾಗ, ಮೀಟರ್ ಮತ್ತು ಚಾಸಿ ನಂಬರಿನ ಫೋಟೊ ತೆಗೆದಿಡಿ. ಆ ಕಡೆ ಇಳಿದ ಮೇಲೆ ಫೋಟೊ ಹಿಡಿದು ಕಾರನ್ನು ಸುತ್ತಿ ನೋಡಿ, ಹೊಸ ಗೀರು, ತಗ್ಗುಗಳಿದ್ದರೆ ಡೆಲಿವರಿ ಚೀಟಿಯ ಮೇಲೆ ಬರೆದ ನಂತರವೇ ಸಹಿ ಹಾಕಿ.